ಮುಡಿ ಮತ್ತು ಮುಪ್ಪು



ಮದುವೆಯ ಚಪ್ಪರದಲ್ಲಿ ಕುಳಿತಿರುವಾಗ ನಾವೆಲ್ಲರೂ ಒಂದಲ್ಲ ಒಂದು ಸಲ ಕೇಳಿರುವ ಮಾತೊಂದುಂಟು. ಐವತ್ತು ವರ್ಷದ ಗೃಹಿಣಿಯೊಬ್ಬರು ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡೋ, ಇಲ್ಲವೆ ಎಳೆಯ ಹುಡುಗಿಯರಂತೆ ನೀಳವಾದ ಜಡೆಯನ್ನು ಹೆಣೆದು ಅದಕ್ಕೆ ಮಲ್ಲಿಗೆಯ ದಂಡೆಯನ್ನು ಮುಡಿದೋ ಒಳಕ್ಕೆ ಬರುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತವರೊಬ್ಬರು ಪಕ್ಕದವರ ಕಡೆಗೆ ಬಾಗಿ, “ಈ ವಯಸ್ಸಿನಲ್ಲಿ ಇದು ಬೇಕಿತ್ತೆ?” ಎಂದು ಪಿಸುಗುಟ್ಟುತ್ತಾರೆ. ಪಕ್ಕದವರು ತಲೆದೂಗುತ್ತಾರೆ. ಅಲ್ಲಿಗೆ ವಿಚಾರಣೆ ಮುಗಿದು ತೀರ್ಪೂ ಆದಂತಾಯಿತು. ಇಂತಹ ವಯಸ್ಸಿಗೆ ಇಂತಹ ಮುಡಿ ಎಂಬ ವಿಧಿಯನ್ನು ಮಾಡಿದವರು ಯಾರು, ಅದು ಎಂದಿನಿಂದ ನಡೆದುಬಂದಿತು ಎಂದು ಅವರಿಬ್ಬರಲ್ಲಿ ಯಾರೂ ಕೇಳುವುದಿಲ್ಲ. ಈ ಹೊತ್ತು ಆ ಪ್ರಶ್ನೆಯನ್ನು ನಾವು ಕೇಳಿ ನೋಡೋಣ.

ವಿಷಯವು ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ರಾಜರ ಯುದ್ಧಗಳನ್ನೂ ಸಂಧಿಗಳನ್ನೂ ಬಿಟ್ಟು ಚರಿತ್ರೆಯನ್ನು ಓದಿದವನು ತುರುಬಿನ ಮಾತನ್ನೇಕೆ ಎತ್ತಬೇಕು ಎಂದು ಆಕ್ಷೇಪಿಸಲೂಬಹುದು. ಆದರೆ ಸಮಾಜವು ತನ್ನ ಸ್ತ್ರೀಯರನ್ನು ಹೇಗೆ ಎಣಿಸಿತು ಎಂಬುದನ್ನು ತಿಳಿಯಬೇಕಾದರೆ ಶಾಸನಗಳಷ್ಟೇ ಸಾಲವು. ಕನ್ನಡಿಯನ್ನೂ ಬಾಚಣಿಗೆಯನ್ನೂ ಸಾಕ್ಷಿಗೆ ಕರೆಯಬೇಕಾಗುತ್ತದೆ.

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬುದು ನಮ್ಮ ಜನರ ಗಾದೆ. ಉಣ್ಣುವುದು ನಮ್ಮ ರುಚಿಗೆ. ಕಾಣಿಸಿಕೊಳ್ಳುವುದು ನೋಡುವವರ ಕಣ್ಣಿಗೆ ಒಪ್ಪುವಂತೆ. ಗಾದೆಯು ವಿವೇಕದ್ದೇ. ಆದರೆ ಆ ‘ಪರರು’ ಯಾರು, ಅವರ ಇಚ್ಛೆಯು ಯಾವಾಗಲೂ ಒಂದೇ ಆಗಿತ್ತೆ ಎಂಬುದನ್ನು ಗಾದೆಯು ಹೇಳುವುದಿಲ್ಲ. ಅದನ್ನು ಚರಿತ್ರೆಯು ಹೇಳಬೇಕು.

ಮೊದಲು ನಮ್ಮ ಮನೆಯಿಂದಲೇ ಪ್ರಾರಂಭಿಸೋಣ. ಕನ್ನಡದಲ್ಲಿ ಕೇಶಾಲಂಕಾರಕ್ಕೆ ಸಂಬಂಧಿಸಿದ ಮಾತುಗಳು ಹೇರಳವಾಗಿವೆ: ಜಡೆ, ಹೆರಳು, ತುರುಬು, ಮುಡಿ, ಕೊಪ್ಪು, ಚೌರಿ, ಕುಚ್ಚು, ಜಡೆಬಿಲ್ಲೆ, ಬೈತಲೆಬೊಟ್ಟು. ಸಂಸ್ಕೃತದಲ್ಲಿ ಅಮರಸಿಂಹನ ಕೋಶವು ಕಬರಿ, ಧಮ್ಮಿಲ್ಲ, ವೇಣಿ ಎಂಬ ಶಬ್ದಗಳನ್ನು ಬೇರೆ ಬೇರೆಯಾಗಿ ಹೇಳುತ್ತದೆ. ಇವುಗಳಲ್ಲಿ ಯಾವುದೂ ಇಂತಿಷ್ಟು ವರ್ಷದವಳಿಗೆಂದು ಮೀಸಲಾದುದಲ್ಲ. ಪೂರ್ವಿಕರು ಮುಡಿಯಲ್ಲಿ ಓದುತ್ತಿದ್ದುದು ವರ್ಷಗಳಿಗಿಂತ ಹೆಚ್ಚಾಗಿ ಸ್ಥಿತಿಯನ್ನು. ಪತಿಯು ದೂರದೇಶದಲ್ಲಿದ್ದಾಗ ವಿರಹಿಣಿಯು ಏಕವೇಣಿಯನ್ನು ಧರಿಸುತ್ತಿದ್ದಳು. ಗರ್ಭಿಣಿಯ ಬೈತಲೆಯನ್ನು ಪತಿಯು ತೆಗೆಯುವುದು ಸೀಮಂತೋನ್ನಯನವೆಂಬ ಸಂಸ್ಕಾರವಾಯಿತು. ಅಪಮಾನಿತಳಾದ ದ್ರೌಪದಿಯ ಬಿಚ್ಚಿದ ಮುಡಿಯು ಒಂದು ಪ್ರತಿಜ್ಞೆಯೇ ಆಯಿತು; ರನ್ನನ ಗದಾಯುದ್ಧವನ್ನು ಬಲ್ಲ ಕನ್ನಡಿಗರಿಗೆ ಆ ಮುಡಿಯು ಮತ್ತೆ ಕಟ್ಟಲ್ಪಡುವುದರ ಅರ್ಥವನ್ನು ನಾವು ವಿವರಿಸಬೇಕಾಗಿಲ್ಲ.

ಹುಡುಗಿಗೆ ಜಡೆ, ಮಕ್ಕಳ ತಾಯಿಗೆ ತುರುಬು ಎಂದು ನಮ್ಮ ಹಳೆಯ ಮನೆಗಳಲ್ಲಿದ್ದ ವಾಡಿಕೆಗೂ ಕಾರಣವು ಬಹುಮಟ್ಟಿಗೆ ಒಲೆಯ ಮುಂದೆಯೇ ದೊರೆಯುತ್ತದೆ. ಬಗ್ಗಿ ಬೆಂಕಿಯನ್ನು ಊದುವವಳಿಗೆ, ಕಂಕುಳಲ್ಲಿ ಕೂಸನ್ನು ಹೊತ್ತವಳಿಗೆ, ಬಾವಿಯಿಂದ ನೀರನ್ನು ಸೇದುವವಳಿಗೆ ಇಳಿಬಿದ್ದ ಜಡೆಯು ತೊಡಕೇ ಸರಿ. ತುರುಬು ಕೆಲಸಗಾರ್ತಿಯ ಮುಡಿ. ಅದು ಕಾಲಕ್ರಮದಲ್ಲಿ ಗೌರವದ ಮುಡಿಯಾಯಿತು; ಆಮೇಲೆ ಅದೇ ವಯಸ್ಸಿನ ಮುಡಿಯೆಂಬ ವಿಧಿಯಾಯಿತು. ಅನುಕೂಲವು ವಾಡಿಕೆಯಾಗಿ, ವಾಡಿಕೆಯು ವಿಧಿಯಾಗುವ ಈ ಕ್ರಮವನ್ನು ಚರಿತ್ರೆಯಲ್ಲಿ ನಾವು ಹೆಜ್ಜೆಹೆಜ್ಜೆಗೂ ಕಾಣುತ್ತೇವೆ.

ಇನ್ನು ಶಿಲ್ಪಿಗಳ ಸಾಕ್ಷ್ಯ. ವಿಷ್ಣುವರ್ಧನನ ಕಾಲದಲ್ಲಿ, ಕ್ರಿ. ಶ. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೋಡದ ಕನ್ನಡಿಗರು ವಿರಳ. ಕನ್ನಡಿಯನ್ನು ಹಿಡಿದು ತನ್ನನ್ನು ತಾನೇ ನೋಡಿಕೊಳ್ಳುತ್ತಿರುವ ದರ್ಪಣಸುಂದರಿಯ ಮುಂದೆ ನಿಂತವರಿಗೆ ಒಂದು ವಿಷಯವು ಹೊಳೆಯದಿರದು: ಆಕೆಗೆ ಎಂಟುನೂರು ವರ್ಷ ಮೀರಿದರೂ ಪ್ರಾಯವು ಇಳಿದಿಲ್ಲ. ಮದನಿಕೆಯರ ಲೋಕದಲ್ಲಿ ಯೌವನವೊಂದೇ ಋತು. ಸೌಂದರ್ಯವನ್ನು ಕಡೆಯಲು ಹೊರಟ ಉಳಿಯು ಮಧ್ಯವಯಸ್ಸಿನ ಮುಡಿಯೊಂದನ್ನು ಅಲ್ಲಿ ಕಡೆಯಲಿಲ್ಲ. ಶಿಲ್ಪಿಯು ಅದನ್ನು ತಿರಸ್ಕರಿಸಿದನೆಂದು ನಾವು ಹೇಳಲಾರೆವು. ಅದರ ಕಡೆಗೆ ಅವನ ಗಮನವು ಹೋಗಲಿಲ್ಲವೆಂದು ಮಾತ್ರ ಹೇಳಬಹುದು.

ಆದರೆ ಅವನಿಗಿಂತ ಎಷ್ಟೋ ಹಿಂದೆ ಮುಪ್ಪಿನ ಮುಡಿಯನ್ನು ದಿಟ್ಟಿಸಿ ನೋಡಿದ ಸ್ತ್ರೀಯೊಬ್ಬಳಿದ್ದಳು. ವೈಶಾಲಿಯ ಪ್ರಸಿದ್ಧ ಗಣಿಕೆಯಾಗಿ, ತನ್ನ ಮಾವಿನ ತೋಪನ್ನು ಬುದ್ಧನ ಸಂಘಕ್ಕೆ ದಾನಮಾಡಿ, ಕಡೆಗೆ ತಾನೂ ಭಿಕ್ಷುಣಿಯಾದ ಅಂಬಪಾಲಿಯ ಹೆಸರಿನಲ್ಲಿ ಪಾಳಿ ಭಾಷೆಯ ಥೇರೀಗಾಥೆಯಲ್ಲಿ ಒಂದು ಪದ್ಯಮಾಲೆಯುಂಟು. ತನ್ನ ಅಂಗಾಂಗಗಳು ಹಿಂದೆ ಹೇಗಿದ್ದವು, ಈಗ ಹೇಗಿವೆ ಎಂದು ಆಕೆ ಒಂದೊಂದಾಗಿ ಹೇಳುತ್ತಾಳೆ. ಮೊದಲ ಮಾತು ಕೂದಲಿನದೇ. ಅಲ್ಲಿ ಪ್ರಲಾಪವಿಲ್ಲ, ನಾಚಿಕೆಯಿಲ್ಲ. ಇರುವುದನ್ನು ಇದ್ದಂತೆ ಕಾಣುವ ಸ್ಥೈರ್ಯವಿದೆ. ವೃದ್ಧೆಯ ಕೇಶವನ್ನು ಕುರಿತು ಪರರು ಆಡಿದ ಮಾತುಗಳು ಅಸಂಖ್ಯಾತ. ಆಕೆಯೇ ಆಡಿದ ಮಾತು ಇಷ್ಟು ಪ್ರಾಚೀನವಾದದ್ದು ದೊರೆತಿರುವುದು ನಮ್ಮ ಪುಣ್ಯ.

ಪುರುಷರ ನರೆಗೂದಲಿನ ಕಥೆಯು ಬೇರೆ. ಮಖಾದೇವ ಜಾತಕದಲ್ಲಿ ರಾಜನು ತನ್ನ ಕ್ಷೌರಿಕನಿಗೆ, ನರೆಗೂದಲು ಕಂಡ ದಿನ ತನಗೆ ತಿಳಿಸಬೇಕೆಂದು ಹೇಳಿರುತ್ತಾನೆ. ಅಂತಹ ಒಂದು ಕೂದಲು ಕಾಣಲು, ಕ್ಷೌರಿಕನು ಅದನ್ನು ಕಿತ್ತು ಅರಸನ ಅಂಗೈಯಲ್ಲಿ ಇರಿಸುತ್ತಾನೆ. ಅರಸನು ರಾಜ್ಯವನ್ನು ಮಗನಿಗೆ ಒಪ್ಪಿಸಿ ತಪಸ್ಸಿಗೆ ಹೊರಡುತ್ತಾನೆ. ಕಾಳಿದಾಸನ ರಘುವಂಶದಲ್ಲಿ ಮುಪ್ಪು ನರೆಯ ವೇಷದಲ್ಲಿ ದಶರಥನ ಕಿವಿಯ ಬಳಿಗೆ ಬಂದು, ರಾಮನಿಗೆ ಪಟ್ಟವನ್ನು ಕಟ್ಟೆಂದು ಗುಟ್ಟಾಗಿ ಹೇಳುತ್ತದೆ. ಗಂಡಸಿನ ತಲೆಯಲ್ಲಿ ಕಂಡ ಬಿಳಿಯ ಎಳೆಯು ಧರ್ಮದೂತ. ಹೆಂಗಸಿನ ತಲೆಯಲ್ಲಿ ಕಂಡ ಅದೇ ಎಳೆಗೆ ಇಂತಹ ದೌತ್ಯವನ್ನು ಕವಿಗಳು ಒಪ್ಪಿಸಿದುದನ್ನು ನಾವು ಕಾಣೆವು.

ಹಾಗೆಂದು ಗಂಡಸರು ನರೆಯನ್ನು ಸಂತೋಷದಿಂದ ಬರಮಾಡಿಕೊಂಡರೆಂದು ತಿಳಿಯಬೇಡಿ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ಗಂಧಯುಕ್ತಿಯ ಅಧ್ಯಾಯವನ್ನು ಕೂದಲಿಗೆ ಬಣ್ಣಕಟ್ಟುವ ವಿಷಯದಿಂದಲೇ ಪ್ರಾರಂಭಿಸುತ್ತಾನೆ. ಬಿಳಿಯ ತಲೆಯವರಿಗೆ ಹೂವು, ಗಂಧ, ವಸ್ತ್ರ, ಒಡವೆ ಯಾವುದೂ ಶೋಭಿಸುವುದಿಲ್ಲ, ಆದ್ದರಿಂದ ಕೇಶರಂಜನವನ್ನು ಮಾಡಿಕೊಳ್ಳಬೇಕು ಎಂಬುದು ಅವನ ಅಭಿಪ್ರಾಯ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಹುಳಿಯೊಡನೆ, ಕಬ್ಬಿಣದ ಪುಡಿಯನ್ನು ಸೇರಿಸಿ ಬೇಯಿಸಿ, ನುಣ್ಣಗೆ ಅರೆದು ತಲೆಗೆ ಹಚ್ಚಿ, ಹಸಿಯ ಎಲೆಗಳಿಂದ ಸುತ್ತಿ ಎರಡು ಜಾವ ಕುಳಿತಿರಬೇಕು. ಬಳಿಕ ನೆಲ್ಲಿಕಾಯಿಯ ಲೇಪ. ಗ್ರಹಗತಿಯನ್ನು ಗಣಿಸಿದ ಪಂಡಿತನು ಇದನ್ನೂ ಗಣಿಸಿದನೆಂದ ಮೇಲೆ, ೧೯೦೭ರಲ್ಲಿ ಪ್ಯಾರಿಸಿನಲ್ಲಿ ಯೂಜೀನ್ ಷೂಲರನು ರಾಸಾಯನಿಕ ಬಣ್ಣವನ್ನು ಸಿದ್ಧಪಡಿಸಿದುದು ಹಳೆಯ ಆಸೆಗೆ ಹೊಸ ಸೀಸೆಯೇ ಹೊರತು ಬೇರೇನೂ ಅಲ್ಲ.

ಈಗ ಸಮುದ್ರವನ್ನು ದಾಟಿ ಹೊರನಾಡುಗಳ ಪದ್ಧತಿಯನ್ನು ನೋಡೋಣ. ರೋಮಿನ ಕವಿ ಓವಿಡನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಸ್ತ್ರೀಯರಿಗೆ ಕೇಶಾಲಂಕಾರದ ಉಪದೇಶವನ್ನು ಮಾಡಿದನು. ಎಲ್ಲರಿಗೂ ಒಂದೇ ಬಗೆಯು ಒಪ್ಪದು, ಪ್ರತಿಯೊಬ್ಬಳೂ ಕನ್ನಡಿಯನ್ನು ಕೇಳಿ ತನಗೆ ಒಪ್ಪುವುದನ್ನು ಆರಿಸಿಕೊಳ್ಳಲಿ. ಉದ್ದನೆಯ ಮುಖಕ್ಕೆ ನಡುಬೈತಲೆ ಚೆನ್ನು, ದುಂಡು ಮುಖಕ್ಕೆ ಕಿವಿಗಳು ಕಾಣುವಂತೆ ನೆತ್ತಿಯ ಮೇಲೊಂದು ಸಣ್ಣ ಗಂಟು ಚೆನ್ನು ಎಂಬುದು ಅವನ ಮಾತಿನ ಸಾರ. ಮುಪ್ಪು ಬೇಗನೆ ಬರುತ್ತದೆಂದು ಎಚ್ಚರಿಸಲು ಅವನು ಮರೆಯಲಿಲ್ಲ. ಆದರೆ ಈ ಉಪದೇಶದಲ್ಲಿ ಅವನು ಅಳೆದದ್ದು ಮುಖದ ಆಕಾರವನ್ನು. ಅವನ ಇತರ ಅಭಿಪ್ರಾಯಗಳು ಹೇಗೇ ಇರಲಿ, ಇದರಲ್ಲಿ ಮದುವೆಯ ಮನೆಯ ಪಿಸುಮಾತಿಗಿಂತ ಹೆಚ್ಚು ವಿವೇಕವಿದೆಯೆಂದು ನಾವು ಭಾವಿಸುತ್ತೇವೆ.

ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಇನ್ನೂ ವಿಚಿತ್ರವಾದ ಸಂಗತಿಯು ನಡೆಯಿತು. ಶ್ರೀಮಂತರ ಮನೆಗಳಲ್ಲಿ ಇಪ್ಪತ್ತು ವರ್ಷದ ತರುಣಿಯರೂ ತರುಣರೂ ಹಿಟ್ಟಿನ ಪುಡಿಯನ್ನು ತಲೆಗೆ ಎರಚಿಕೊಂಡು ಕೂದಲನ್ನು ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ಮೊಮ್ಮಗಳೂ ಅಜ್ಜಿಯೂ ಒಂದೇ ಬಣ್ಣದ ತಲೆಯಿಂದ ಒಂದೇ ಸಭೆಯಲ್ಲಿ ಕುಳಿತಿರುವ ಕಾಲವದು. ಇಂಗ್ಲೆಂಡಿನಲ್ಲಿ ಯುದ್ಧದ ವೆಚ್ಚಕ್ಕೆ ಹಣವು ಬೇಕಾಗಿ ಮಂತ್ರಿ ಪಿಟ್ಟನು ೧೭೯೫ರಲ್ಲಿ ಈ ಪುಡಿಯನ್ನು ಬಳಸುವವರು ವರ್ಷಕ್ಕೆ ಒಂದು ಗಿನಿ ತೆರಬೇಕೆಂದು ಶಾಸನವನ್ನು ಮಾಡಿದನು. ಪುಡಿಯ ಬಳಕೆಯು ಬಲುಬೇಗ ಇಳಿಯಿತು. ಬಿಳಿಯ ತಲೆಯು ಅಂದವೆಂಬ ನಂಬಿಕೆಯು ಎಷ್ಟು ದೃಢವಾಗಿತ್ತೆಂಬುದನ್ನು ಒಂದು ಗಿನಿಯು ತೂಗಿ ತೋರಿಸಿತು.

ಅದೇ ಇಂಗ್ಲೆಂಡಿನಲ್ಲಿ ಆಗ ಜೇನ್ ಆಸ್ಟೆನ್ ಎಂಬ ಕಾದಂಬರಿಗಾರ್ತಿ ಇದ್ದಳು. ವಿವಾಹಿತೆಯರೂ ವಯಸ್ಸಾದವರೂ ಬಟ್ಟೆಯ ಟೋಪಿಯಿಂದ ತಲೆಯನ್ನು ಮುಚ್ಚಿಕೊಳ್ಳುವುದು ಅಲ್ಲಿನ ವಾಡಿಕೆಯಾಗಿತ್ತು. ೧೭೯೮ರ ಡಿಸೆಂಬರಿನಲ್ಲಿ, ಇನ್ನೂ ಇಪ್ಪತ್ತಮೂರು ತುಂಬುವ ಮುನ್ನವೇ, ಆಕೆ ತನ್ನ ಅಕ್ಕನಿಗೆ ಬರೆದ ಓಲೆಯಲ್ಲಿ, ತಾನು ಸಂಜೆಯ ಹೊತ್ತಿಗೆಂದು ಎರಡು ಮೂರು ಟೋಪಿಗಳನ್ನು ಹೊಲಿದುಕೊಂಡಿರುವುದಾಗಿಯೂ, ಅದರಿಂದ ತಲೆಬಾಚುವ ಹಿಂಸೆಯು ತಪ್ಪಿತೆಂದೂ ತಿಳಿಸುತ್ತಾಳೆ. ಸೋದರಳಿಯನು ಬಹುಕಾಲದ ನಂತರ ಆಕೆಯ ಚರಿತ್ರೆಯನ್ನು ಬರೆದಾಗ, ಅಕ್ಕತಂಗಿಯರಿಬ್ಬರೂ ವಯಸ್ಸಿಗೆ ಮುಂಚೆಯೇ ನಡುವಯಸ್ಸಿನ ಉಡುಪನ್ನು ಧರಿಸಿದರೆಂದು ಜನರು ಭಾವಿಸುತ್ತಿದ್ದುದಾಗಿ ಹೇಳಿದನು. ಜನರಿಗೆ ಕಂಡದ್ದು ಅಕಾಲದ ಮುಪ್ಪು. ಆಕೆಗೆ ದೊರೆತದ್ದು ಬಿಡುವು. ಆ ಬಿಡುವಿನಲ್ಲಿ ಆಕೆ ಏನನ್ನು ಬರೆದಳೆಂಬುದನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೆಲ್ಲರೂ ಬಲ್ಲರು.

ಜಪಾನಿನಲ್ಲಿ ಈ ವಿಧಿಯು ಅತ್ಯಂತ ಸೂಕ್ಷ್ಮವಾಗಿ ಬೆಳೆಯಿತು. ಎದೋ ಯುಗದಲ್ಲಿ ಅವಿವಾಹಿತೆಗೆ ಷಿಮಾದಾ ಎಂಬ ಮುಡಿ, ವಿವಾಹಿತೆಗೆ ಮಾರುಮಗೆ ಎಂಬ ದುಂಡು ತುರುಬು. ವಯಸ್ಸು ಏರಿದಂತೆಲ್ಲಾ ಆ ತುರುಬು ಕಿರಿದಾಗುತ್ತಿತ್ತು. ದೂರದಿಂದ ನೋಡಿಯೇ ಒಬ್ಬಳ ಜೀವನದ ಘಟ್ಟವನ್ನು ಅಳೆಯಬಹುದಾಗಿತ್ತು. ೧೮೭೧ರಲ್ಲಿ ಅಲ್ಲಿನ ಸರ್ಕಾರವು ಗಂಡಸರಿಗೆ ಹಳೆಯ ಜುಟ್ಟನ್ನು ಕತ್ತರಿಸಿಕೊಳ್ಳಲು ಅನುಮತಿಯನ್ನು ಕೊಟ್ಟಿತು. ಕೆಲವು ಹೆಂಗಸರೂ ಕತ್ತರಿಯನ್ನು ಹಿಡಿದರು. ಕೂಡಲೆ, ೧೮೭೨ರಲ್ಲಿ, ಹೆಂಗಸರು ಕೂದಲನ್ನು ಕತ್ತರಿಸಬಾರದೆಂದು ತೋಕಿಯೋ ನಗರದಲ್ಲಿ ಆಜ್ಞೆಯಾಯಿತು. ಗಂಡಸಿನ ಕತ್ತರಿ ನಾಗರಿಕತೆ, ಹೆಂಗಸಿನ ಕತ್ತರಿ ಅಪರಾಧ!

ಶ್ರೋತೃಗಳೇ, ಇಷ್ಟು ಹೊತ್ತು ನಾವು ಹೇಳಿದುದು ಮುಗುಳ್ನಗೆಯಿಂದ ಕೇಳಬಹುದಾದ ವಿಷಯ. ಇನ್ನು ಮುಂದಿನದು ಹಾಗಲ್ಲ. ಅನ್ಯದೇಶಗಳ ಕತ್ತರಿಯನ್ನು ಕುರಿತು ನಗುವ ನಾವು ನಮ್ಮ ದೇಶದ ಕ್ಷೌರದ ಕತ್ತಿಯನ್ನು ಮರೆಯಲಾಗದು.

ನಮ್ಮ ಕೆಲವು ಜಾತಿಗಳಲ್ಲಿ ವಿಧವೆಯ ಮುಡಿಯನ್ನು ತೆಗೆಸುವ ಪದ್ಧತಿಯಿತ್ತು. ವಿಧವೆಯ ಕಬರೀಬಂಧವು ಪರಲೋಕದಲ್ಲಿ ಪತಿಗೆ ಬಂಧನವಾಗುತ್ತದೆಂಬ ಭಾವದ ಮಾತೊಂದು ಸ್ಕಾಂದಪುರಾಣದ ಕಾಶೀಖಂಡದಲ್ಲಿದೆ. ಧರ್ಮಶಾಸ್ತ್ರದ ಇತಿಹಾಸವನ್ನು ಬರೆದ ಮಹಾಮಹೋಪಾಧ್ಯಾಯ ಪಾಂಡುರಂಗ ವಾಮನ ಕಾಣೆಯವರು ಪ್ರಮಾಣಗಳನ್ನೆಲ್ಲಾ ಶೋಧಿಸಿ, ಈ ಆಚಾರಕ್ಕೆ ಪ್ರಾಚೀನವಾದ ಗಟ್ಟಿ ಆಧಾರವಿಲ್ಲವೆಂಬ ಅಭಿಪ್ರಾಯಕ್ಕೆ ಬಂದರು. ಆದರೆ ಪಂಡಿತರ ನಿರ್ಣಯವು ಗ್ರಂಥದಲ್ಲಿ ಉಳಿಯಿತು. ಕತ್ತಿಯು ಹಿತ್ತಲ ಜಗಲಿಯಲ್ಲಿ ತನ್ನ ಕೆಲಸವನ್ನು ನಡೆಸುತ್ತಲೇ ಬಂದಿತು. ೧೮೯೦ರಲ್ಲಿ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದಲ್ಲಿ ಕ್ಷೌರಿಕರು ಒಟ್ಟಾಗಿ, ಇನ್ನು ವಿಧವೆಯರ ತಲೆಯನ್ನು ಬೋಳಿಸುವುದಿಲ್ಲವೆಂದು ಹಟಹಿಡಿದರು. ವೇದಶಾಸ್ತ್ರಗಳನ್ನು ಓದಿದವರಿಗೆ ತೋರದ ದಯೆಯು ಕತ್ತಿಯನ್ನು ಹಿಡಿದ ಕೈಗೆ ತೋರಿತು. ಕನ್ನಡದಲ್ಲಿ ಎಂ. ಕೆ. ಇಂದಿರಾ ಅವರು ೧೯೭೬ರಲ್ಲಿ ಪ್ರಕಟಿಸಿದ ‘ಫಣಿಯಮ್ಮ’ ಕಾದಂಬರಿಯನ್ನೂ, ೧೯೮೩ರಲ್ಲಿ ಪ್ರೇಮಾ ಕಾರಂತರು ಅದರಿಂದ ಮಾಡಿದ ಚಲನಚಿತ್ರವನ್ನೂ ಬಲ್ಲವರಿಗೆ ಮಲೆನಾಡಿನ ಅಂತಹ ಒಂದು ಜೀವದ ಪರಿಚಯವಿದ್ದೇ ಇರುತ್ತದೆ. ತಾನು ಅನುಭವಿಸಿದ್ದನ್ನು ಇನ್ನೊಬ್ಬ ಎಳೆಯಳು ಅನುಭವಿಸಬಾರದೆಂದು ಆ ಮುದುಕಿ ಮೆಲುದನಿಯಲ್ಲಿ ಹೇಳುವ ಮಾತಿನ ಮುಂದೆ ದೊಡ್ಡ ಭಾಷಣಗಳು ಸಪ್ಪೆಯಾಗುತ್ತವೆ.

ನಮ್ಮ ಮನೆಯಲ್ಲಿಯೂ ಆ ತಲೆಮಾರಿನ ಕೊನೆಯವರಲ್ಲಿ ಒಬ್ಬರಿದ್ದರು. ನಮ್ಮ ಅಜ್ಜಿಯ ತಂಗಿ. ಚಿಕ್ಕಜ್ಜಿ ಎಂದು ಕರೆಯುತ್ತಿದ್ದೆವು. ಕೆಂಪು ಸೀರೆ, ತಲೆಯ ಮೇಲೆ ಸದಾ ಸೆರಗು. ಮೊಗ್ಗಿನ ಜಡೆಯನ್ನು ಹೆಣೆಯುವುದರಲ್ಲಿ ಅವರನ್ನು ಮೀರಿಸಿದವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಮಲ್ಲಿಗೆಯ ಮೊಗ್ಗುಗಳನ್ನು ಒಂದೇ ಅಳತೆಗೆ ಆರಿಸಿ, ದಾರದಲ್ಲಿ ಪೋಣಿಸಿ, ಜಡೆಯ ಉದ್ದಕ್ಕೂ ಹೊಲಿಯುವುದನ್ನು ನಮ್ಮ ಅಕ್ಕಂದಿರಿಗೆ ಕಲಿಸಿದವರು ಅವರೇ. ಆದರೆ ಹಬ್ಬಹರಿದಿನಗಳಲ್ಲಿ ಅವರು ಹೂವಿನ ಬುಟ್ಟಿಯ ಬಳಿಗೆ ಬರುತ್ತಿರಲಿಲ್ಲ; ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, “ಎಡಗಡೆ ಸಡಿಲವಾಯಿತು, ಬಿಗಿ ಮಾಡು” ಎಂದು ಹೇಳುತ್ತಿದ್ದರು. ಒಮ್ಮೆ ನಾವು ಮಕ್ಕಳ ಬುದ್ಧಿಯಿಂದ, “ಚಿಕ್ಕಜ್ಜಿ, ನಿಮಗೆ ಜಡೆ ಚೆನ್ನೋ, ತುರುಬು ಚೆನ್ನೋ?” ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಜಡೆ ಹಾಕಿಕೊಂಡಿದ್ದೆನಪ್ಪ. ತುರುಬು ಕಟ್ಟುವ ವಯಸ್ಸು ನನಗೆ ಬರಲೇ ಇಲ್ಲ” ಎಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಆ ಮಾತಿನ ಅರ್ಥವು ನಮಗೆ ತಿಳಿದುದು ಬಹಳ ವರ್ಷಗಳ ಮೇಲೆ.

ಈ ವಯಸ್ಸಿಗೆ ಈ ಮುಡಿ ಎಂಬ ಪಿಸುಮಾತಿಗೂ, ಈ ಸ್ಥಿತಿಗೆ ಮುಡಿಯೇ ಬೇಡವೆಂಬ ಕತ್ತಿಗೂ ಬಹಳ ಅಂತರವಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ನ್ಯಾಯವಲ್ಲ. ಆದರೆ ಎರಡರ ಬೇರೂ ಒಂದೇ ನೆಲದಲ್ಲಿದೆ. ಹೆಂಗಸಿನ ತಲೆಯ ಮೇಲಿನ ಅಧಿಕಾರವು ಹೆಂಗಸಿನದಲ್ಲವೆಂಬುದೇ ಆ ನೆಲ.

ಇಪ್ಪತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಕತ್ತರಿಯು ಬೇರೊಂದು ಅರ್ಥವನ್ನು ಪಡೆಯಿತು. ಮೊದಲನೆಯ ಮಹಾಯುದ್ಧದ ಸುಮಾರಿಗೆ ಐರೀನ್ ಕ್ಯಾಸಲ್ ಎಂಬ ನರ್ತಕಿಯು ಕೂದಲನ್ನು ಮೊಟಕುಮಾಡಿಕೊಂಡಳು. ಯುದ್ಧವು ಮುಗಿದ ಮೇಲೆ ಅದು ಎಲ್ಲೆಡೆಯೂ ಹಬ್ಬಿತು. ಮೂಕಚಿತ್ರಗಳ ಪ್ರಖ್ಯಾತ ನಟಿ ಮೇರಿ ಪಿಕ್‌ಫರ್ಡಳು ಇಳಿಬಿದ್ದ ಗುಂಗುರು ಕೂದಲಿನಿಂದ ಬಾಲಿಕೆಯ ಪಾತ್ರಗಳನ್ನು ಧರಿಸುತ್ತಾ ಬಂದಿದ್ದಳು. ೧೮೯೨ರಲ್ಲಿ ಹುಟ್ಟಿದ ಆಕೆ ೧೯೨೮ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಆ ಗುಂಗುರುಗಳನ್ನು ಕತ್ತರಿಸಿಹಾಕಿದಳು. ಅಭಿಮಾನಿಗಳಿಗೆ ಆದ ದುಃಖವು ಅಷ್ಟಿಷ್ಟಲ್ಲ. ಆದರೆ ಮಾರನೆಯ ವರ್ಷದ ‘ಕೊಕೆಟ್’ ಎಂಬ ಚಿತ್ರದಲ್ಲಿ ಆಕೆ ಮೋಟುಗೂದಲಿನಿಂದಲೇ ನಟಿಸಿ ಅಕಾಡೆಮಿಯ ಬಹುಮಾನವನ್ನು ಪಡೆದಳು. ಎಳೆತನದ ಮುಡಿಯು ಆಕೆಗೆ ಸೆರೆಯಾಗಿತ್ತು. ಲೋಕವು ಮಾತ್ರ ಅದನ್ನು ಕಿರೀಟವೆಂದು ತಿಳಿದಿತ್ತು.

ಇಲ್ಲಿ ಒಂದು ಕೌತುಕವನ್ನು ಗಮನಿಸಬೇಕು. ಪಶ್ಚಿಮದಲ್ಲಿ ಆಮೇಲೆ ಹುಟ್ಟಿದ ಲೋಕಾರೂಢಿಯ ಪ್ರಕಾರ, ನಲವತ್ತು ದಾಟಿದವಳು ನೀಳಕೇಶವನ್ನು ಇಳಿಬಿಡುವುದು ಒಪ್ಪದು. ಕತ್ತರಿಸಿಕೊಳ್ಳುವುದೇ ವಯಸ್ಸಿಗೆ ತಕ್ಕದ್ದು. ನಮ್ಮ ಲೋಕಾರೂಢಿಯ ಪ್ರಕಾರ, ನಲವತ್ತು ದಾಟಿದವಳು ಕತ್ತರಿಸಿಕೊಳ್ಳುವುದು ಒಪ್ಪದು. ನೀಳಕೇಶವನ್ನು ತುರುಬು ಕಟ್ಟುವುದೇ ವಯಸ್ಸಿಗೆ ತಕ್ಕದ್ದು. ವಯಸ್ಸು ಒಂದೇ, ವಿಧಿಗಳು ಎರಡು, ಅವೂ ಪರಸ್ಪರ ವಿರುದ್ಧ. ಇದು ಪ್ರಕೃತಿಯ ನಿಯಮವಾಗಿದ್ದರೆ ಎರಡು ಕಡೆಯೂ ಒಂದೇ ಆಗಿರಬೇಕಾಗಿತ್ತು. ಬೆಂಕಿಯು ಲಂಡನ್ನಿನಲ್ಲಿಯೂ ಸುಡುತ್ತದೆ, ಮೈಸೂರಿನಲ್ಲಿಯೂ ಸುಡುತ್ತದೆ. ಊರಿಂದೂರಿಗೆ ತಲೆಕೆಳಗಾಗುವ ನಿಯಮವು ಊರಿನವರದೇ ಆಗಿರಬೇಕು.

ಹಾಗಾದರೆ ಒಪ್ಪುವುದು ಒಪ್ಪದಿರುವುದು ಎಂಬುದೇ ಇಲ್ಲವೆ? ಖಂಡಿತವಾಗಿಯೂ ಇದೆ. ವಯಸ್ಸಾದಂತೆ ಕೂದಲಿನ ಎಳೆಯು ತೆಳುವಾಗುತ್ತದೆ, ಒತ್ತು ಕಡಿಮೆಯಾಗುತ್ತದೆ. ಬಹುಕಾಲ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯ ಅಂಚಿನ ಕೂದಲು ಉದುರುತ್ತದೆಂದು ವೈದ್ಯರು ಹೇಳುತ್ತಾರೆ. ತೋಳನ್ನು ಎತ್ತಲಾರದ ನೋವುಳ್ಳವರಿಗೆ ಮಾರುದ್ದದ ಜಡೆಯು ಶಿಕ್ಷೆಯೇ ಸರಿ. ಮುಖದ ಆಕಾರ, ಕೂದಲಿನ ಗುಣ, ದಿನದ ಕೆಲಸ, ಮನಸ್ಸಿನ ಒಲವು, ಈ ನಾಲ್ಕನ್ನೂ ನೋಡಿ ಮುಡಿಯನ್ನು ಆರಿಸಿಕೊಳ್ಳುವುದು ಸೌಂದರ್ಯಕ್ಕೂ ಸೌಖ್ಯಕ್ಕೂ ದಾರಿ. ಜನ್ಮಪತ್ರಿಕೆಯು ಇವುಗಳಲ್ಲಿ ಸೇರಿಲ್ಲ.

ದೃಷ್ಟಾಂತಕ್ಕಾಗಿ ದೂರ ಹೋಗಬೇಕಾಗಿಲ್ಲ. ೧೯೬೬ರಲ್ಲಿ ಇಂದಿರಾ ಗಾಂಧಿಯವರು ಪ್ರಧಾನಮಂತ್ರಿಗಳಾದಾಗ ಅವರಿಗೆ ನಲವತ್ತೆಂಟು ವರ್ಷ. ಮುಂದೆ ಅವರ ಮೋಟುಗೂದಲೂ ಅದರ ನಡುವಿನ ಬಿಳಿಯ ಪಟ್ಟೆಯೂ ದೇಶಕ್ಕೆಲ್ಲಾ ಗುರುತಾದವು. ಅವರ ರಾಜಕೀಯವನ್ನು ಮೆಚ್ಚಿದವರುಂಟು, ಮೆಚ್ಚದವರುಂಟು; ಆ ಮುಡಿಯು ಅವರಿಗೆ ಒಪ್ಪುತ್ತಿರಲಿಲ್ಲವೆಂದು ಹೇಳುವುದು ಕಷ್ಟ. ಅದೇ ಕಾಲದಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿಯವರು ತುರುಬಿನ ಸುತ್ತ ಮಲ್ಲಿಗೆಯನ್ನು ಮುಡಿದು ವೇದಿಕೆಯ ಮೇಲೆ ಕುಳಿತು ಹಾಡುತ್ತಿದ್ದರು. ಅವರು ಇಂದಿರಾ ಗಾಂಧಿಯವರಿಗಿಂತ ಒಂದು ವರ್ಷಕ್ಕೆ ಹಿರಿಯರು. ವಯಸ್ಸು ಹೆಚ್ಚುಕಡಮೆ ಒಂದೇ, ಮುಡಿಗಳು ಎರಡು, ಎರಡೂ ಒಪ್ಪಿದವು. ಧರಿಸಿದವರ ವ್ಯಕ್ತಿತ್ವದೊಡನೆ ಅವು ಹೊಂದಿಕೊಂಡಿದ್ದುದೇ ಅದಕ್ಕೆ ಕಾರಣವೆಂದು ನಮ್ಮ ಎಣಿಕೆ.

ಆದಕಾರಣ, ಮುಂದಿನ ಸಲ ಮದುವೆಯ ಚಪ್ಪರದಲ್ಲಿ ಆ ಪಿಸುಮಾತು ನಮ್ಮ ನಾಲಗೆಯ ತುದಿಗೆ ಬಂದಾಗ ಒಂದು ಕ್ಷಣ ತಡೆಯೋಣ. “ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬ ಗಾದೆಯಲ್ಲಿನ ಪರರು ನಾವೇ. ನಮ್ಮ ಇಚ್ಛೆಯು ಉದಾರವಾದರೆ ಎದುರಿಗಿರುವವರ ನೋಟವೂ ಅಷ್ಟೇ ಉದಾರವಾದೀತು. ಅರವತ್ತರ ಅತ್ತೆಯವರು ಜಡೆಗೆ ಹೂವನ್ನು ಮುಡಿದು ಬಂದರೆ, “ಬನ್ನಿ, ಕುಳಿತುಕೊಳ್ಳಿ” ಎಂದು ಪಕ್ಕದಲ್ಲಿ ಜಾಗವನ್ನು ಬಿಡೋಣ. ಕತ್ತರಿಸಿಕೊಂಡು ಬಂದರೂ ಅಷ್ಟೆ, ನರೆಯನ್ನು ಮುಚ್ಚದೆ ಬಂದರೂ ಅಷ್ಟೆ. ಬಾಗಿಲ ಮರೆಯಲ್ಲಿ ನಿಂತವರು ಯಾರಾದರೂ ಇದ್ದರೆ ಅವರನ್ನೂ ಒಳಕ್ಕೆ ಕರೆದು, ಹೂವಿನ ಬುಟ್ಟಿಯನ್ನು ಅವರ ಕೈಗೆ ಕೊಡೋಣ.